ಮಗಳ ಹೆಸರಿನ ಹವಳ

ಮ್ಯೂಸಿಯಮ್ಮಿನಲ್ಲಿ ಅವನನ್ನು ಎಲ್ಲರೂ ತೊಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತೆಪ್ಪಗೆ ಬಿದ್ದುಕೊಂಡಿತ್ತು, ಅದನ್ನು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಸಮುದ್ರದ ಜೀವಿಗಳನ್ನು ಕೂಡಿಟ್ಟಿದ್ದ ಆ ಕಟ್ಟಡದ ಹಿಂಬದಿಯಲ್ಲಿ ಗಾಜಿನ ಮಾಡಿನ ಒಂದು ಉದ್ದನೆಯ ಕೋಣೆ. ಅದರ ತುಂಬ ಉಪ್ಪುನೀರಿನ ತೊಟ್ಟಿಗಳು, ತೊಟ್ಟಿಗಳಲ್ಲಿ ಹವಳ. ನೀರು ಬದಲಿಸುವುದು, ಮುನಿಸಿಕೊಂಡ ಪಂಪಿಗೆ ಎರಡು ತಟ್ಟಿ ಎಬ್ಬಿಸುವುದು, ಹವಳಕ್ಕೆ ಊಟ ಹಾಕುವುದು, ಸತ್ತ ಹವಳವನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ನೆನೆಹಾಕಿ ಮಾಂಸವೆಲ್ಲ ಕಳಚಿ, ತೊಳೆದು, ಬೆಳ್ಳಗೆ ಒಣಗಿಸಿ ಮಹಡಿಯ ಮೇಲಿನ ವಿದ್ವಾಂಸರಿಗೆ ಕಳಿಸುವುದು, ಎಲ್ಲವೂ ಅವನ ಕೆಲಸ. "ಬಾಣಂತನದಿಂದ ಹಿಡಿದು ಹೆಣ ತೊಳೆಯೋವರೆಗೂ ಎಲ್ಲಾ ನಾನೇ ನೋಡಪ್ಪ" ಎಂದು ಗೇಟಿನ ಕಾವಲುಗಾರನ ಹತ್ತಿರ ಹೇಳಿಕೊಂಡು ಅವನೇ ನಗುತ್ತಿದ್ದ.

ನೋಡಲು ಬಂದವರದು ಯಾವಾಗಲೂ ಒಂದೇ ಪ್ರಶ್ನೆ. "ಅಲ್ಲಾ ಸ್ವಾಮಿ, ಕಲ್ಲಿಗೆ ಯಾಕೆ ಊಟ ಹಾಕ್ತೀರಿ?"

"ಕಲ್ಲು ಅದರ ಮನೆ ಕಣ್ರೀ. ನೀವು ಮನೆ ನೋಡ್ತಾ ಇದೀರಿ, ನಾನು ಮನೆಯವರಿಗೆ ಊಟ ಹಾಕ್ತಾ ಇದೀನಿ" ಎನ್ನುತ್ತಿದ್ದ ಅವನು. ಆಮೇಲೆ ಕೇಳಿದವರಿಗೆ ಪುರಸೊತ್ತಿರಲಿ ಬಿಡಲಿ, ಇಡೀ ಕಥೆ ಶುರು. ಸಾಸಿವೆಯಷ್ಟು ದೊಡ್ಡ ಒಂದು ಪ್ರಾಣಿ. ಅದಕ್ಕೆ ಒಂದು ಬಾಯಿ, ಬಾಯಿಯ ಸುತ್ತ ಕೂದಲಿನಂಥ ಕೈಗಳು, ಅಷ್ಟೇ. ಕಣ್ಣಿಲ್ಲ, ತಲೆಯಿಲ್ಲ. ಸಮುದ್ರದ ನೀರಿನೊಳಗಿನ ಸುಣ್ಣವನ್ನು ಹೀರಿ ತನ್ನ ಕೆಳಗೆ ತಾನೇ ಒಂದು ಕಲ್ಲಿನ ಬಟ್ಟಲು ಕಟ್ಟಿಕೊಳ್ಳುತ್ತದೆ. ಬಟ್ಟಲೊಳಗೆ ಆರು ಅಡ್ಡಗೋಡೆ, ಅವುಗಳ ನಡುವೆ ಇನ್ನಾರು, ಅವುಗಳ ನಡುವೆ ಮತ್ತೆ ಹನ್ನೆರಡು. ಕಲ್ಲುಹವಳದ ವಂಶಕ್ಕೆಲ್ಲ ಆರರದೇ ಲೆಕ್ಕ. ಪ್ರಾಣಿಯ ಪಕ್ಕೆಯಿಂದ ಇನ್ನೊಂದು ಮೊಳೆಯುತ್ತದೆ, ಅದೂ ಒಂದು ಬಟ್ಟಲು ಕಟ್ಟುತ್ತದೆ. ಹೀಗೆ ಸಾವಿರಾರು ಸೇರಿ ಒಂದೇ ತೊಗಲು ಹೊದ್ದ ಕೂಡುಕುಟುಂಬ. ಒಬ್ಬ ತಿಂದದ್ದು ಪಕ್ಕದವನ ಹೊಟ್ಟೆಗೂ ಹೋಗುತ್ತದೆ. ಇಷ್ಟು ಸಾಲದು ಎಂದು ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತದೆ. ಬಾಡಿಗೆಯ ಬದಲು ಬಿಸಿಲಿನಲ್ಲಿ ಅಡುಗೆ ಮಾಡಿ ಮನೆಯವರಿಗೂ ಬಡಿಸುತ್ತದೆ. ಅದಕ್ಕೇ ಹವಳಕ್ಕೆ ಬೆಳಕು ಬೇಕು, ಅದಕ್ಕೇ ಆ ಕೋಣೆಗೆ ಗಾಜಿನ ಮಾಡು. ಕೇಳಿದವರು ಇಷ್ಟರಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಮಹಡಿಯ ಮೇಲೆ ಮೇಷ್ಟ್ರಿದ್ದರು. ದೊಡ್ಡ ಪ್ರೊಫೆಸರು, ಹವಳಗಳಿಗೆ ಹೆಸರು ಹಚ್ಚುವುದರಲ್ಲಿ ಹೆಸರಾದವರು. ಆದರೆ ಒಂದು ಸಲವೂ ತೊಟ್ಟಿಯ ಕೋಣೆಗೆ ಇಳಿದು ಬಂದವರಲ್ಲ. ತೇವದ ಗಾಳಿಗೆ ಮೂಗು ಕಟ್ಟುತ್ತದೆ ಎಂಬ ನೆಪ. ಹವಳ ಸತ್ತು ಬಿಳಿಚಿಕೊಂಡ ಮೇಲೆಯೇ ಅವರಿಗೂ ಅದಕ್ಕೂ ಪರಿಚಯ. ಅವರನ್ನು ಅಂದು ಪ್ರಯೋಜನವಿಲ್ಲ ಬಿಡಿ, ಆಗಿನ ಶಾಸ್ತ್ರವೇ ಹಾಗಿತ್ತು. ಮಾಂಸ ಕೊಳೆಯುವ ಕಸ, ಎಲುಬೇ ಹವಳ. ಬಟ್ಟಲು ಎಷ್ಟಗಲ, ಗೋಡೆ ಎಷ್ಟು ದಪ್ಪ, ಒಟ್ಟು ಆಕಾರ ಗಂಟೋ ಕೊಂಬೋ ತಟ್ಟೆಯೋ ಎಂದು ಭೂತಗನ್ನಡಿ ಹಿಡಿದು ನೋಡಿ ಕುಲ ನಿರ್ಧಾರ ಮಾಡುತ್ತಿದ್ದರು. ಹೆಸರು ಎರಡು ಮಾತಿನದು: ಮೊದಲು ಕುಲದ ಹೆಸರು, ಆಮೇಲೆ ಅದರದೇ ಸ್ವಂತ ಹೆಸರು. ತೊಟ್ಟಿಯಣ್ಣ ಕಳಿಸುವ ತುಂಡಿನ ಜೊತೆ ಒಂದು ಚೀಟಿ ಹೋಗುತ್ತಿತ್ತು. ಸಮುದ್ರದ ಯಾವ ಜಾಗದಿಂದ, ಎಷ್ಟು ಆಳದಿಂದ ತಂದದ್ದು ಎಂದು ಅದರಲ್ಲಿ ಬರೆಯಬೇಕು. ತೊಟ್ಟಿಯಲ್ಲಿ ಎಷ್ಟು ಕಾಲ ಇತ್ತು, ಅಲ್ಲಿ ಹೇಗೆ ಬೆಳೆಯಿತು ಎಂದು ಬರೆಯುವ ಪದ್ಧತಿಯೇ ಇರಲಿಲ್ಲ. ಹವಳ ಸಮುದ್ರದ್ದು, ತೊಟ್ಟಿಯಲ್ಲಿ ಅದು ನಾಲ್ಕು ದಿನದ ನೆಂಟ ಎಂದು ಎಲ್ಲರೂ ತಿಳಿದಿದ್ದರು.

ತೊಟ್ಟಿಯಣ್ಣನಿಗೆ ಒಬ್ಬಳೇ ಮಗಳು. ಶಾಲೆ ಬಿಟ್ಟವಳೇ ಚೀಲ ಕಾವಲುಗಾರನ ಕುರ್ಚಿಯ ಮೇಲೆ ಎಸೆದು ಮಹಡಿಗೆ ಓಡುತ್ತಿದ್ದಳು. ಯಾರಿಗೂ ಮುಖ ಕೊಟ್ಟು ಮಾತಾಡದ ಮೇಷ್ಟ್ರು ಅವಳಿಗೆ ಮಾತ್ರ ತಮ್ಮ ಎತ್ತರದ ಸ್ಟೂಲು ಬಿಟ್ಟುಕೊಡುತ್ತಿದ್ದರು. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, "ತಾತಾ, ಈ ಬಟ್ಟಲಲ್ಲಿ ಒಂದು ಗೋಡೆ ಮುರಿದಿದೆ, ಅಪ್ಪ ಸರಿಯಾಗಿ ತೊಳೆದಿಲ್ಲ" ಎಂದು ಚಾಡಿ ಹೇಳುತ್ತಿದ್ದಳು. ಅಂಥ ಹುಡುಗಿಗೆ ರಕ್ತದ ಕಾಯಿಲೆ ಬಂತು. ಗಂಡ ಹೆಂಡತಿ ಇಬ್ಬರೂ ಎಲ್ಲ ಬಿಟ್ಟು ದೂರದ ದೊಡ್ಡಾಸ್ಪತ್ರೆಗೆ ಹೋಗಿ ಕೂತರು. ಒಂದು ವರ್ಷ ದಾಟಿತು. ಸೂಜಿ, ಬಾಟಲಿ, ಮತ್ತೆ ಸೂಜಿ. ಕೂದಲು ಉದುರಿತು, ಕೈ ಕಡ್ಡಿಯಾಯಿತು. ಹೆತ್ತವರು ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಕೈ ಕೈ ಹಿಸುಕಿಕೊಳ್ಳುವುದು ಬಿಟ್ಟರೆ ಇನ್ನೇನು ಮಾಡಿಯಾರು! ಕೊನೆಗೆ ಮಗಳನ್ನು ಅಲ್ಲೇ ಕಳೆದುಕೊಂಡು ಇಬ್ಬರೇ ಮನೆಗೆ ಬಂದರು.

ಅವನು ಕೆಲಸಕ್ಕೆ ವಾಪಸು ಹೋದ. ಹೋಗದೆ ಏನು ಮಾಡುವುದು? ಕೆಲವು ತಿಂಗಳು ಕಳೆದಿತ್ತು, ಪಂಪು ಕೆಟ್ಟು ಮೂಲೆಯ ತೊಟ್ಟಿಯ ಹವಳಗಳೆಲ್ಲ ಸತ್ತವು. ಮಾಮೂಲಿನಂತೆ ನೆನೆಹಾಕಿದ, ತೊಳೆದ, ಚೀಟಿ ಹಚ್ಚಿ ಮಹಡಿಗೆ ಕಳಿಸಿದ. ಮರುದಿನ ಮೇಷ್ಟ್ರಿಂದ ಕರೆ ಬಂತು. ಮೇಜಿನ ಮೇಲೆ ಅಂಗೈಯಗಲದ ಒಂದು ಬಿಳಿಯ ಹವಳ. ತಟ್ಟೆಯ ಹಾಗೆ ಚಪ್ಪಟೆ, ಹಪ್ಪಳದ ಹಾಗೆ ತೆಳು, ಬಟ್ಟಲುಗಳೆಲ್ಲ ಮೇಲಕ್ಕೆ ಮುಖ ಮಾಡಿಕೊಂಡಿವೆ. ಅಂಚಿನಲ್ಲಿ ಮಾತ್ರ ಒಂದು ಬೆರಳಗಲ ದಪ್ಪಗಾಗಿ, ಸಣ್ಣ ಸಣ್ಣ ಗಂಟುಗಳು ಸಾಲಾಗಿ ಎದ್ದು ನಿಂತಿವೆ.

"ತಟ್ಟೆ ಹವಳ ನೋಡಿದೀನಿ, ಗಂಟು ಹವಳ ನೋಡಿದೀನಿ. ತಟ್ಟೆಗೆ ಗಂಟಿನ ಅಂಚು ಕಟ್ಟಿದ್ದನ್ನ ನನ್ನ ಜನ್ಮದಲ್ಲಿ ನೋಡಿಲ್ಲ ಕಣಯ್ಯ. ಇದು ಹೊಸದು" ಎಂದರು ಮೇಷ್ಟ್ರು. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಇದಕ್ಕೆ ಮಗುವಿನ ಹೆಸರಿಡ್ತೀನಿ. ನಿನ್ನ ಅಭ್ಯಂತರ ಇಲ್ಲ ತಾನೇ?"

ತೊಟ್ಟಿಯಣ್ಣ ತಲೆಯಾಡಿಸಿ ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಹೀಗೆ ಕುಲದ ಹೆಸರಿನ ಹಿಂದೆ ಮಗಳ ಹೆಸರು, ಅದಕ್ಕೊಂದು ಲ್ಯಾಟಿನ್ ಬಾಲ, ಮೂರೂ ಸೇರಿ ಪುಸ್ತಕದಲ್ಲಿ ಅಚ್ಚಾಯಿತು. ಆ ಹೆಸರಿಗೆಲ್ಲ ಸಾಕ್ಷಿ ಆ ಒಂದೇ ತುಂಡು. ಅದನ್ನು ಮುಂದಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಫಲಕ ಹಾಕಿದರು.

ಅವನ ಹೆಂಡತಿ ಮನೆಯ ಮುಂಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಪರದೆ, ಸಮವಸ್ತ್ರ, ಮೇಜಿನ ಬಟ್ಟೆ, ಇಂಥವಕ್ಕೆ ಅಂಚು ಮಡಚಿ ಹೊಲಿಯುವುದು ಅವಳ ಕಸುಬು. ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳಾಡಿಸಿದರೆ ಸಾಕು, ದಾರ ಎಲ್ಲಿ ಮುಗಿಯಿತು, ಎಲ್ಲಿ ಹೊಸ ದಾರ ಶುರುವಾಯಿತು ಎಂದು ಹೇಳಿಬಿಡುತ್ತಿದ್ದಳು. ಅವಳಿಗೆ ಗೊತ್ತಿದ್ದ ಲ್ಯಾಟಿನ್ ಎಂದರೆ ಆ ಹೆಸರೊಂದೇ, ಆದರೆ ಅದನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಬಟ್ಟೆ ಕೊಡಲು ಬಂದ ಹೆಂಗಸರು ಮಕ್ಕಳ ಮದುವೆ, ಮೊಮ್ಮಕ್ಕಳ ಸುದ್ದಿ ತೆಗೆದರೆ ಇವಳೂ ತಲೆಯೆತ್ತಿ, "ನಮ್ಮವಳ ಹೆಸರು ಸಮುದ್ರದಲ್ಲಿದೆ. ನಾವು ನೀವೆಲ್ಲ ಹೋದ ಮೇಲೂ ಇರತ್ತೆ" ಎನ್ನುತ್ತಿದ್ದಳು. ಅವರು ಹೂಂ ಎನ್ನುತ್ತಿದ್ದರು. ಮಗಳು ಹುಟ್ಟಿದ ದಿನ ಬಂತೆಂದರೆ ಮ್ಯೂಸಿಯಮ್ಮಿಗೆ ಹೋಗಿ ಆ ಗಾಜಿನ ಮುಂದೆ ನಿಂತು ಬರುತ್ತಿದ್ದಳು. ಮನೆಯಲ್ಲಿ ಮಗುವಿನ ಬಟ್ಟೆಬರೆ ಒಂದೂ ಉಳಿದಿರಲಿಲ್ಲ, ಯಾರದೋ ಮಾತು ಕೇಳಿ ಎಲ್ಲ ಕೊಟ್ಟುಬಿಟ್ಟಿದ್ದರು. ಉಳಿದದ್ದು ಆ ಫಲಕವೊಂದೇ.

ಮೇಷ್ಟ್ರೂ ಹೋದರು. ಎಷ್ಟೋ ವರ್ಷದ ಮೇಲೆ ಅವರ ಕುರ್ಚಿಗೆ ಹೊಸ ಮೇಡಂ ಬಂದರು. ಚಿಕ್ಕ ವಯಸ್ಸು, ನಯವಾದ ಮಾತು. ಬಂದ ದಿನವೇ ಕೆಳಗಿಳಿದು ಬಂದು ತೋಳು ಮಡಚಿ ತೊಟ್ಟಿಯೊಳಗೆ ಕೈ ಇಳಿಸಿದರು. ತೊಟ್ಟಿಯಣ್ಣನಿಗೆ ಅಲ್ಲೇ ಅವರ ಮೇಲೆ ಅಕ್ಕರೆ ಹುಟ್ಟಿತು. ಕೆಟ್ಟವರಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ನಾಲ್ಕು ಬೈದು ಹಗುರಾಗಬಹುದಿತ್ತು.

ಅವರಿಗೊಂದು ಅನುಮಾನ. "ಮೇಷ್ಟ್ರ ಆ ಹವಳ ಮತ್ತೆ ಯಾರಿಗೂ ಯಾಕೆ ಸಿಕ್ಕಿಲ್ಲ ಅಣ್ಣ? ಚೀಟೀಲಿ ಬರೆದಿರೋ ಜಾಗದಲ್ಲಿ ಮುಳುಗಿ ಹುಡುಕಿದ್ವಿ. ಅಲ್ಲಿರೋದೆಲ್ಲ ಮಾಮೂಲಿ ಗಂಟುಹವಳ."

"ಅಪರೂಪದ್ದು ಮೇಡಂ" ಎಂದ ತೊಟ್ಟಿಯಣ್ಣ ಹೆಮ್ಮೆಯಿಂದ.

ಮೇಡಂ ತಲೆಯಾಡಿಸಿದರು. ಆ ತುಂಡಿನಲ್ಲಿ ಮಾಂಸದ ಚೂರಾದರೂ ಉಳಿದಿದ್ದರೆ ವಂಶ ಪರೀಕ್ಷೆ ಮಾಡಿ ಹೇಳಬಹುದಿತ್ತಂತೆ. ಆದರೆ ತೊಟ್ಟಿಯಣ್ಣನ ಬ್ಲೀಚಿಂಗ್ ಪುಡಿ ಎಳ್ಳಷ್ಟೂ ಬಿಟ್ಟಿರಲಿಲ್ಲ. ಅದಕ್ಕೆ ಅವರು ಬೇರೆ ದಾರಿ ಹಿಡಿದರು. ಒಂದೇ ಗಂಟುಹವಳವನ್ನು ತುಂಡು ತುಂಡು ಮಾಡಿಸಿ, ಹಂಚಿನ ಬಿಲ್ಲೆಗಳಿಗೆ ಅಂಟಿಸಿ, ಅರ್ಧವನ್ನು ಬಿಸಿಲಿನ ತೊಟ್ಟಿಯಲ್ಲೂ ಅರ್ಧವನ್ನು ಕಪ್ಪು ಬಟ್ಟೆ ಮುಚ್ಚಿದ ತೊಟ್ಟಿಯಲ್ಲೂ ಇಡಲು ಹೇಳಿದರು. ಬಟ್ಟೆ ಗಾಳಿಗೆ ಹಾರಬಾರದು, ಅಂಚಿನಲ್ಲಿ ಹಗ್ಗ ಪೋಣಿಸುವಂತಿರಬೇಕು. ಅದನ್ನು ಹೊಲಿದು ಕೊಟ್ಟವಳು ಬೇರೆ ಯಾರು, ತೊಟ್ಟಿಯಣ್ಣನ ಹೆಂಡತಿಯೇ. "ಮೀನಿಗೆ ಪರದೆ ಹಾಕಿಸ್ತಾರಾ ನಿಮ್ಮ ಮೇಡಂ?" ಎಂದು ನಕ್ಕು, ಗಟ್ಟಿಯಾಗಿ ಎರಡು ಸಾಲು ಹೊಲಿಗೆ ಹಾಕಿಕೊಟ್ಟಳು.

ಹವಳದ ಬೆಳವಣಿಗೆ ನಿಧಾನ. ಮೊದಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಸಿಲಿನ ತುಂಡುಗಳು ಮಾಮೂಲಿನಂತೆ ಗಂಟು ಗಂಟಾಗಿ ಎದ್ದವು. ಬಟ್ಟೆಯ ಕೆಳಗಿನವು ಏಳಲಿಲ್ಲ. ಬಿಲ್ಲೆಯ ಅಂಚು ದಾಟಿ ಅಡ್ಡಡ್ಡ ಹರಡಿಕೊಂಡವು. ಇರುವ ಚೂರು ಬೆಳಕನ್ನು ಹಿಡಿಯಲು ಮೈಯೆಲ್ಲ ಅಂಗೈ ಮಾಡಿಕೊಂಡು ಮಲಗಿದ್ದವು. ದಿನವೂ ಬಟ್ಟೆ ಎತ್ತಿ ಊಟ ಹಾಕುವವನು ತೊಟ್ಟಿಯಣ್ಣ, ಮೊದಲು ಕಂಡದ್ದೂ ಅವನಿಗೇ. ವರ್ಷಗಟ್ಟಲೆ ಗಾಜಿನ ಪೆಟ್ಟಿಗೆಯ ಧೂಳು ಒರೆಸಿದ್ದನಲ್ಲ, ಆ ತಟ್ಟೆ ಅವನಿಗೆ ಕಂಠಪಾಠ. ಅದೇ ತಟ್ಟೆ ಇಲ್ಲಿ ಜೀವಂತ ಬೆಳೆಯುತ್ತಿತ್ತು.

"ಮೇಡಂ, ಅಂದ್ರೆ... ಅದೂ ಇದೂ ಒಂದೇನಾ?" ಎಂದು ಕೇಳಿದ.

ಅವರು ಪೆನ್ಸಿಲು ಕಚ್ಚಿಕೊಂಡು ನಿಂತಿದ್ದರು. "ಹಾಗೇ ಕಾಣತ್ತೆ ಅಣ್ಣ. ಒಂದೇ ಹವಳ. ಬೆಳಕಿದ್ರೆ ಗಂಟು, ನೆರಳಲ್ಲಿ ತಟ್ಟೆ." ಅವನ ಮುಖ ನೋಡಿ ಗಾಬರಿಯಾಗಿ ಸೇರಿಸಿದರು, "ಆದ್ರೆ ಆ ಅಂಚು ಇದೆಯಲ್ಲ, ಗಂಟಿನ ಅಂಚು, ಅದು ನಮ್ಮ ಒಂದು ತುಂಡಿಗೂ ಬಂದಿಲ್ಲ. ಅದು ಬರದೇ ಇದ್ರೆ ಎರಡೂ ಬೇರೆ ಅಂತಲೇ ಲೆಕ್ಕ. ನಿಮ್ಮ ಮಗಳ ಹೆಸರು ಎಲ್ಲೂ ಹೋಗಲ್ಲ."

ತೊಟ್ಟಿಯಣ್ಣ ಆ ಅಂಚಿಗೆ ಜೋತುಬಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರಲ್ಲ, ಹಾಗೆ. ದಿನಾ ಬಂದು ಬಟ್ಟೆ ಎತ್ತುವನು, ಪ್ರತಿ ತಟ್ಟೆಯ ಅಂಚು ನೋಡುವನು, ನುಣ್ಣಗಿದೆ ಎಂದು ಕಂಡು ಉಸಿರು ಬಿಡುವನು. ಒಂದು ಸಂಜೆ ಶಿಳ್ಳೆ ಹಾಕುತ್ತ ಮನೆಗೆ ಬಂದದ್ದನ್ನು ಕಂಡು ಹೆಂಡತಿ, "ಏನ್ರೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು. ಅವಳಿಗೆ ಅವನು ಏನೊಂದೂ ಹೇಳಿರಲಿಲ್ಲ. ಅಂಚು ನುಣ್ಣಗಿರುವಷ್ಟು ದಿನ ಹೇಳುವ ಅಗತ್ಯವೇನು ಎಂದುಕೊಂಡಿದ್ದ.

ಆದರೆ ವಿಜ್ಞಾನಿಗಳು ಸುಮ್ಮನೆ ಕೂರುವ ಜನವೇ? ಒಂದು ಬೆಳಿಗ್ಗೆ ಮೇಡಂ ಬಂದವರೇ, "ಅಣ್ಣ, ಆ ಬಟ್ಟೆ ತೆಗೆದುಬಿಡಿ. ನೆರಳಲ್ಲಿ ಬೆಳೆದದ್ದಕ್ಕೆ ಬಿಸಿಲು ಬಿದ್ರೆ ಏನಾಗತ್ತೆ ನೋಡೋಣ" ಎಂದು ಹೇಳಿ ಮಹಡಿಗೆ ಹೋದರು.

ತೊಟ್ಟಿಯಣ್ಣ ಸ್ಟೂಲು ಹತ್ತಿದ. ಹಗ್ಗದ ಗಂಟು ಬಿಚ್ಚಿ ಬಟ್ಟೆಯನ್ನು ಎರಡೂ ಕೈಯಿಂದ ಎಳೆದ. ಗಾಜಿನ ಮಾಡಿನಿಂದ ಬಿಸಿಲು ಒಮ್ಮೆಲೇ ನೀರಿನ ಮೇಲೆ ಸುರಿಯಿತು. ಅವನು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಸ್ಟೂಲಿನ ಮೇಲೆ ನಿಂತುಬಿಟ್ಟ. ಇದೇ ಕೆಲಸವನ್ನು, ಇದೇ ಕೋಣೆಯಲ್ಲಿ, ಹಿಂದೊಮ್ಮೆ ಮಾಡಿದ್ದ.

ಮಗಳನ್ನು ಕಳೆದುಕೊಂಡು ಕೆಲಸಕ್ಕೆ ಬಂದ ಮೊದಲ ದಿನ ಅದು. ಮೂಲೆಯ ತೊಟ್ಟಿಯ ಮೇಲೆ ಕತ್ತಲೆ ಕವಿದಿತ್ತು. ಅವನು ಆಸ್ಪತ್ರೆಗೆ ಹೋದ ಹೊಸದರಲ್ಲಿ ಆ ಕಡೆಯ ಗಾಜು ಒಡೆದು ಮಳೆನೀರು ಸೋರಿತ್ತಂತೆ. ಯಾರೋ ಮೇಲೆ ಟಾರ್ಪಾಲು ಹೊದಿಸಿ ಹೋಗಿದ್ದರು. ಗಾಜು ಹಾಕಿಸುವುದು ಯಾರ ಕೆಲಸ ಎಂದು ಕಚೇರಿಯಲ್ಲಿ ತೀರ್ಮಾನವೇ ಆಗಿರಲಿಲ್ಲ. ಬದಲಿ ಕೆಲಸದವನು ಪಾಪ, ನೀರು ಬದಲಿಸು ಎಂದದ್ದಕ್ಕೆ ನೀರು ಬದಲಿಸಿದ್ದ. ಟಾರ್ಪಾಲು ವರ್ಷ ದಾಟಿದರೂ ಹಾಗೇ ಇತ್ತು. ಆ ದಿನ ತೊಟ್ಟಿಯಣ್ಣನಿಗೆ ಕೋಣೆಯೊಳಗೆ ಉಸಿರು ಕಟ್ಟಿದಂತಾಗಿ, ಏಣಿ ಹಾಕಿ ಮೇಲೆ ಹತ್ತಿ, ಆ ಟಾರ್ಪಾಲನ್ನು ಹರಿದು ಕೆಳಗೆಸೆದಿದ್ದ. ಗಾಜಿಲ್ಲದಿದ್ದರೆ ಮಳೆ ಬರಲಿ, ಬೆಳಕಾದರೂ ಬರಲಿ ಎಂದಿದ್ದ. ಮಗಳ ಹೆಸರು ಹೊತ್ತ ತುಂಡು ಆ ಮೂಲೆಯ ತೊಟ್ಟಿಯದೇ. ಅವನು ಆಸ್ಪತ್ರೆಗೆ ಹೋಗುವ ಮುಂಚೆ ಅಲ್ಲಿ ಅಂಟಿಸಿದ್ದು ಒಂದು ಹೆಬ್ಬೆರಳು ಗಾತ್ರದ ಮಾಮೂಲಿ ಗಂಟುಹವಳ. ಆ ದುಃಖದಲ್ಲಿ ಅದು ಅವನ ನೆನಪಿನಿಂದಲೇ ಜಾರಿಹೋಗಿತ್ತು.

ಆ ಕ್ಷಣದಿಂದ ತೊಟ್ಟಿಯಣ್ಣನಿಗೆ ಮುಂದೇನಾಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ದಿನಾ ನೋಡುತ್ತ ಕೂರಬೇಕಾಗಿ ಬಂದದ್ದು ಅವನ ಹಣೆಬರಹ. ಮೇಡಂಗೆ ಹೇಳಲೂ ಬಾಯಿ ಬರಲಿಲ್ಲ, ಹೆಂಡತಿಗೆ ಹೇಳಲೂ ಬಾಯಿ ಬರಲಿಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಮನೆಯಲ್ಲಿ ಎದುರು ಕೂತು ಊಟ ಮಾಡುವಾಗ "ಏನೇ..." ಎಂದು ಶುರು ಮಾಡುವನು. "ಏನ್ರೀ?" ಎಂದರೆ "ಸ್ವಲ್ಪ ಉಪ್ಪು" ಎನ್ನುವನು. ಹೀಗೆ ಉಪ್ಪು ಕೇಳಿ ಕೇಳಿ ಸಾಕಾಗಿ, "ಸಮುದ್ರದ ನೀರಲ್ಲೇ ಕೈಯಾಡಿಸ್ತೀರಿ, ಇನ್ನೂ ಉಪ್ಪು ಸಾಲದಾ ನಿಮಗೆ?" ಎಂದು ಅವಳು ರೇಗಿದಳು.

ತಟ್ಟೆಗಳ ಅಂಚು ಮೊದಲು ದಪ್ಪಗಾಯಿತು. ಆಮೇಲೆ ಒಂದು ಕಡೆ ಎಳ್ಳಿನಷ್ಟು ಗಂಟು ಎದ್ದಿತು, ಅದರ ಪಕ್ಕದಲ್ಲಿ ಇನ್ನೊಂದು. ತೊಟ್ಟಿಯಣ್ಣನ ಕೈಯಲ್ಲಿ ಚಿಮಟ ಇತ್ತು, ಸುತ್ತ ಯಾರೂ ಇರಲಿಲ್ಲ. ಚಿವುಟಿದರೆ ಮುರಿಯುತ್ತದೆ, ಮುರಿದರೆ ಅಂಚು ನುಣ್ಣಗೆ. ಚಿಮಟವನ್ನು ನೀರಿನೊಳಗೆ ಇಳಿಸಿದ. ಆ ಗಂಟಿನ ಮೇಲೆ ಆಗಷ್ಟೇ ಕೈ ಬಿಚ್ಚಿದ ಪ್ರಾಣಿಗಳು ನೀರಿನ ಅಲೆಗೆ ಆಡುತ್ತಿದ್ದವು. ಒಂದು ಜೀವ ದಿನೇ ದಿನೇ ಕರಗುವುದನ್ನು ಮಂಚದ ಪಕ್ಕ ಕೂತು ನೋಡಿದವನು ಅವನು. ಬೆಳೆಯುತ್ತಿರುವುದನ್ನು ಬೇಡ ಎಂದು ಚಿವುಟಲು ಅವನ ಕೈ ಬರಲಿಲ್ಲ. ಚಿಮಟದ ತುದಿಯಲ್ಲಿದ್ದ ಊಟದ ಚೂರನ್ನು ಅವುಗಳ ಬಾಯಿಗೆ ಕೊಟ್ಟು ಕೈ ಒರೆಸಿಕೊಂಡ.

ಮೇಡಂ ನೋಡಿದರು. ಚಿತ್ರ ತೆಗೆದರು. ಗಾಜಿನ ಪೆಟ್ಟಿಗೆಯ ತುಂಡಿನ ಪಕ್ಕ ಇಟ್ಟು ಅಳೆದರು. ಅಕ್ಕತಂಗಿಯರ ಹಾಗೆ ಒಂದೇ ಅಂಚು. ತೊಟ್ಟಿಯಣ್ಣನನ್ನು ಮಹಡಿಗೆ ಕರೆಸಿ, ಕೂರಿಸಿ, ನೀರು ಕೊಟ್ಟು ಹೇಳಿದರು. ಒಂದೇ ಪ್ರಾಣಿಗೆ ಎರಡು ಹೆಸರು ಇರುವಂತಿಲ್ಲ. ಯಾವುದು ಮೊದಲು ಇಟ್ಟದ್ದೋ ಅದು ನಿಲ್ಲುತ್ತದೆ. ಗಂಟುಹವಳದ ಹೆಸರು ತೊಟ್ಟಿಯಣ್ಣನ ಅಜ್ಜನೂ ಹುಟ್ಟುವ ಮುಂಚಿನದು. ಮುಂದಿನ ವಾರ ಫಲಕ ಬದಲಾಗುತ್ತದೆ, ಆ ತುಂಡು ಒಳಗಿನ ಬೀರುವಿಗೆ ಹೋಗುತ್ತದೆ.

"ಆಗಲಿ ಮೇಡಂ" ಎಂದ ತೊಟ್ಟಿಯಣ್ಣ.

ಆ ಸಂಜೆ ಉಪ್ಪು ಕೇಳದೆ, ಹೊಲಿಗೆ ಯಂತ್ರದ ಪಕ್ಕ ನಿಂತೇ ಎಲ್ಲ ಹೇಳಿಬಿಟ್ಟ. ಟಾರ್ಪಾಲಿನ ಮಾತೊಂದನ್ನು ಬಿಟ್ಟು. ಹೆಂಡತಿಯ ಕಾಲು ಯಂತ್ರದ ಮೆಟ್ಟಿನ ಮೇಲೆ ನಿಂತಿತು.

"ಹೆಸರು ತೆಗೀತಾರಾ? ಕೊಟ್ಟ ಹೆಸರು ವಾಪಸು ತಗೋತಾರಾ? ಯಾರ್ರೀ ಅವಳು, ಅವಳಿಗೇನು ಮಕ್ಕಳಿಲ್ವಾ?"

"ಒಳ್ಳೇವರು ಕಣೇ."

"ಒಳ್ಳೇವರಂತೆ!" ಸೂಜಿಯಿಂದ ಬಟ್ಟೆ ಎಳೆದು ಬಿಸಾಕಿದಳು. "ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತಿರಿ. ನಾನು ಕೇಳ್ತೀನಿ."

ಮರುದಿನ ಅವಳು ಮುಂದೆ, ಗಂಡ ಹಿಂದೆ. ಗೇಟಿನಲ್ಲಿ ಕಾವಲುಗಾರ "ಏನಕ್ಕಾ, ಈ ಸಲ ಬೇಗ ಬಂದ್ರಿ?" ಎಂದವನು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಮೇಡಂ ಹಜಾರದಲ್ಲೇ ಇದ್ದರು, ಗಾಜಿನ ಪೆಟ್ಟಿಗೆಯ ಹತ್ತಿರ.

"ಅಲ್ಲಮ್ಮಾ, ಅಷ್ಟು ದೊಡ್ಡ ಸಮುದ್ರ ಇದೆ" ಎಂದಳು ಅವಳು, ನಮಸ್ಕಾರವೂ ಇಲ್ಲದೆ. "ಅದರಲ್ಲಿ ಒಂದು ಹುಡುಗಿ ಹೆಸರಿದ್ರೆ ನಿಮ್ಮ ಸಮುದ್ರಕ್ಕೇನು ಭಾರ?"

"ಭಾರ ಇಲ್ಲಮ್ಮ" ಎಂದರು ಮೇಡಂ. "ಆದ್ರೆ ನನ್ನ ಕೈಲಿಲ್ಲ. ನಾನು ಸುಮ್ಮನಿದ್ರೂ ನಾಳೆ ಇನ್ನೊಬ್ರು ಹೇಳ್ತಾರೆ. ಹೆಸರು ಪೂರ್ತಿ ಅಳಿಸಿಹೋಗಲ್ಲಮ್ಮ. ಹಳೇ ಹೆಸರಿನ ಕೆಳಗೆ, ಹಿಂದೆ ಹೀಗೂ ಕರೆದಿದ್ರು ಅಂತ ಬರೀತೀವಿ. ಆ ಕುಲದಲ್ಲಿ ಬೇರೆ ಯಾವ ಹವಳಕ್ಕೂ ಮುಂದೆ ಯಾರೂ ಆ ಹೆಸರು ಇಡೋ ಹಾಗಿಲ್ಲ."

"ಅಂದ್ರೆ ಕುರ್ಚಿ ಖಾಲಿ ಇಡ್ತೀರಿ. ಅವಳೂ ಕೂರೋ ಹಾಗಿಲ್ಲ, ಬೇರೆಯವರೂ ಕೂರೋ ಹಾಗಿಲ್ಲ." "ನಮ್ಮ ಮನೇಲೂ ಹಾಗೇ ಇದೆ ಬಿಡಿ."

ಮೇಡಂ ಕಣ್ಣು ತುಂಬಿಕೊಂಡರು. ಏನು ಮಾಡಬೇಕೆಂದು ತಿಳಿಯದೆ ಬೀಗ ತೆಗೆದು, ಗಾಜು ಸರಿಸಿ, ಆ ಬಿಳಿಯ ತಟ್ಟೆಯನ್ನು ಎತ್ತಿ ಅವಳ ಕೈಗಿಟ್ಟರು. ಇಷ್ಟು ವರ್ಷದಲ್ಲಿ ಅವಳು ಅದನ್ನು ಗಾಜಿನಾಚೆಯಿಂದಲೇ ನೋಡಿದ್ದಳು, ಮುಟ್ಟಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಷ್ಟು ಹಗುರ!" ಎಂದಳು.

"ಮನೆಗೆ ಕೊಡ್ತೀರಾ? ಹೆಸರಿಲ್ಲದ ಕಲ್ಲು ನಿಮಗ್ಯಾಕೆ?"

"ಕೊಡೋ ಹಾಗಿಲ್ಲಮ್ಮ. ಹೆಸರು ಬಿದ್ದುಹೋದ್ರೂ ಇದೇ ಸಾಕ್ಷಿ. ಇದು ಇಲ್ಲೇ ಇರಬೇಕು."

ಅವಳ ಬೆರಳು ಆಗಲೇ ಅಭ್ಯಾಸದಂತೆ ಮೇಲೆ ಓಡಾಡುತ್ತಿತ್ತು. ನಡುವಿನಿಂದ ಸರಿಯುತ್ತ ಸರಿಯುತ್ತ ಅಂಚಿನ ಹತ್ತಿರ ಬಂದು ಒಂದು ಕಡೆ ನಿಂತಿತು. ಹಿಂದೆ ಸರಿಯಿತು, ಮತ್ತೆ ಬಂದು ಅಲ್ಲೇ ನಿಂತಿತು.

"ಇಲ್ಲಿ ದಾರ ಬದಲಾಗಿದೆ" ಎಂದಳು. "ಇಲ್ಲೀವರೆಗೂ ಒಂದು ಕೈ, ಇಲ್ಲಿಂದ ಬೇರೆ ಕೈ. ಯಾಕ್ರೀ?"

ತೊಟ್ಟಿಯಣ್ಣ ನೆಲ ನೋಡಿದ. ಇನ್ನು ಮುಚ್ಚಿಟ್ಟು ಸಾಧಿಸುವುದೇನಿತ್ತು?

"ನಾವು ಆಸ್ಪತ್ರೇಲಿದ್ದಾಗ ಇದರ ಮೇಲೆ ಟಾರ್ಪಾಲು ಮುಚ್ಚಿತ್ತು ಕಣೇ. ಬೆಳಕಿಲ್ಲದೆ ಹೀಗೆ ಚಪ್ಪಟೆ ಬೆಳೀತು. 'ಇನ್ನೇನು ಮಾಡಲಿ' ಅಂತ ಬೆಳೀತು. ಎಲ್ಲ ಮುಗಿಸ್ಕೊಂಡು ಬಂದ ದಿನ ನಾನೇ ಹತ್ತಿ ಅದನ್ನ ಕಿತ್ತೆ. ಗಂಟು ಎದ್ದಿರೋದು ಅಲ್ಲಿಂದ ಈಚೆಗೆ."

ಮೇಡಂ ಗಾಜಿನ ಪೆಟ್ಟಿಗೆಯ ಮೇಲಿಟ್ಟಿದ್ದ ಪೆನ್ಸಿಲಿಗೆ ಕೈ ಹಾಕಿದರು. ಆ ತುಂಡಿಗೆ ನೆರಳು ಎಲ್ಲಿಂದ ಬಂತು ಎಂದು ಅವರು ಇಷ್ಟು ದಿನ ಹುಡುಕುತ್ತಿದ್ದ ಉತ್ತರ ಅದು. ಆಮೇಲೆ ಪೆನ್ಸಿಲನ್ನು ಅಲ್ಲೇ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.

ಹೆಂಡತಿ ಆ ತಟ್ಟೆಯನ್ನು ನಡುವಿನಿಂದ ಮತ್ತೊಮ್ಮೆ ಸವರಿದಳು, ತೀರ ನಿಧಾನವಾಗಿ, ಹೆಬ್ಬೆರಳು ಗಾತ್ರದ ಮೊದಲ ಗುಪ್ಪೆಯಿಂದ ಹಿಡಿದು. ಬಟ್ಟಲು ಬಟ್ಟಲಾಗಿ ಬೆರಳು ಹೊರಕ್ಕೆ ಸರಿಯಿತು. ಗಂಟುಗಳು ಶುರುವಾಗುವ ಗೆರೆಯ ಮೇಲೆ ನಿಂತಿತು. ಅದನ್ನು ದಾಟಲು ಅವಳ ಬೆರಳು ಒಪ್ಪಲಿಲ್ಲ.

"ಇಲ್ಲೀವರೆಗೂ ಇದ್ದಳು" ಎಂದಳು.

ತೊಟ್ಟಿಯಣ್ಣ ಕೈ ಚಾಚಿದ, ಬೀರುವಿನಲ್ಲಿ ಇಡುವ ಕೆಲಸ ಅವನದೇ ತಾನೇ. ಅವಳು ಕೊಡಲಿಲ್ಲ. ಅವನೂ ಚಾಚಿದ ಕೈ ಹಿಂದಕ್ಕೆ ತೆಗೆಯದೆ ಅಲ್ಲೇ ನಿಂತಿದ್ದ.